ಅತ್ತೆ ಒರೆಸಿದ ಧೂಳು

ವಿದ್ಯುತ್ ಮೈಗೂಡಿಸಿಕೊಂಡ ಕಣಗಳನ್ನು ಗಾಳಿಯೇ ಇಲ್ಲದ ಪೆಟ್ಟಿಗೆಯೊಳಗೆ ಕೂಡಿಹಾಕುವುದು ಅವಳ ಕಸುಬು. ಕಣಗಳನ್ನು ತಮಾಷೆಗೆ ಧೂಳು ಎನ್ನುವ ಪ್ರಯೋಗಾಲಯದವರು ಅವಳನ್ನು ಧೂಳಕ್ಕ ಎನ್ನುತ್ತಿದ್ದರು. ಗೋಡೆಗೆ ತಾಗಿದ ಕಣ ಕೈತಪ್ಪಿದಂತೆಯೇ ಲೆಕ್ಕ. ಅದಕ್ಕೇ ಆಯಸ್ಕಾಂತ ಅದನ್ನು ನಿಂತಲ್ಲೇ ಸುತ್ತಿಸುತ್ತದೆ, ವಿದ್ಯುತ್ತು ಮೇಲಿನ ಬಾಗಿಲನ್ನೂ ಕೆಳಗಿನ ಬಾಗಿಲನ್ನೂ ಕಾಯುತ್ತದೆ. ಮದುವೆಯಾದ ಹೊಸತರಲ್ಲಿ ಇಷ್ಟನ್ನೂ ಅತ್ತೆಗೆ ಬಿಡಿಸಿ ಹೇಳಿದ್ದಳು.

ಅತ್ತೆ ತಾಳ್ಮೆಯಿಂದ ಕೇಳಿ, "ಅಂದ್ರೆ ಖಾಲಿ ಡಬ್ಬಿ ಕಾಯೋ ಕೆಲ್ಸ," ಎಂದು ಒಂದೇ ಏಟಿಗೆ ಮುಗಿಸಿದ್ದರು.

ಅಂದಿನಿಂದ ನೆಂಟರಿಷ್ಟರ ಬಾಯಲ್ಲೆಲ್ಲ ಅದೇ ಮಾತು. ಸೊಸೆ ನಕ್ಕರೂ ಒಳಗೊಳಗೇ ಚುರುಕ್ಕೆನ್ನುತ್ತಿತ್ತು. ಅತ್ತೆ ಒಂದು ಸಲವಾದರೂ ಕಣ್ಣಾರೆ ನೋಡಬೇಕು, ಅಷ್ಟೇ ಅವಳ ಆಸೆ.

ಪ್ರಯೋಗಾಲಯವನ್ನು ಜನರಿಗೆ ತೆರೆದಿಡುವ ದಿನ ಅತ್ತೆಯನ್ನು ಎಲ್ಲರಿಗಿಂತ ಮೊದಲೇ ಕರೆತಂದಳು. ಬರಿಗಣ್ಣಿಗೆ ಕಾಣಲೆಂದು ಮೇಜಿನ ಮೇಲೆ ಬೇರೊಂದು ಬಲೆ ಹೂಡಿದ್ದಳು: ತಾಮ್ರದ ಬಳೆ, ಅದರ ಮೇಲೊಂದು ಕೆಳಗೊಂದು ಗುಂಡು, ಸುತ್ತ ಗಾಜಿನ ಪೆಟ್ಟಿಗೆ, ಅದರೊಳಕ್ಕೆ ಬೆಳಕು ಬಿಡುವ ಹಸಿರು ದೀಪ, ಪಕ್ಕದ ತಟ್ಟೆಯಲ್ಲಿ ನಯವಾದ ಪುಡಿ. ಅತ್ತೆಯನ್ನು ಅಲ್ಲೇ ಕೂರಿಸಿ ಹೋಗಿ ಟೀ ತಂದು ನೋಡುತ್ತಾಳೆ, ಗಾಜು ಫಳಫಳ, ಬಳೆ ಫಳಫಳ, ತಟ್ಟೆ ತೊಳೆದು ಬೋರಲು! ಪುಣ್ಯಕ್ಕೆ ಇನ್ನೂ ಸ್ವಿಚ್ಚು ಹಾಕಿರಲಿಲ್ಲ.

"ಎಂಥಾ ಧೂಳು ಅಂತೀನಿ! ಜನ ಬಂದ್ರೆ ನಿನ್ನ ಮರ್ಯಾದೆ ಏನಾಗ್ಬೇಕು?" ಎಂದರು ಅತ್ತೆ, ಒದ್ದೆ ಬಟ್ಟೆ ಹಿಂಡುತ್ತ.

"ಅಯ್ಯೋ ಅತ್ತೆ, ನಾನು ಹಿಡಿದು ತೋರ್ಸೋಕೆ ಇಟ್ಟಿದ್ದೇ ಆ ಧೂಳನ್ನ! ಬೇರೆ ಪುಡಿನೂ ಇಲ್ಲ."

ಅತ್ತೆಯ ಮುಖ ಸಣ್ಣಗಾಯಿತು. ಹೊರಗೆ ಜನರ ಸದ್ದು ಕೇಳುತ್ತಿತ್ತು. ಸೊಸೆಗೆ ಅಳುವೇ ಬಂತು. ಅಷ್ಟರಲ್ಲಿ ಅತ್ತೆ ಕೈಚೀಲ ತಡಕಾಡಿ ಮುಖಕ್ಕೆ ಹಚ್ಚುವ ಪೌಡರ್ ಡಬ್ಬಿ ತೆಗೆದರು.

"ಇದಾಗುತ್ತಾ ನೋಡು. ಇದೂ ಧೂಳೇ ತಾನೆ?"

ಸೊಸೆ ಬಳೆಯ ಒದ್ದೆ ಆರಿಸಿ ಸ್ವಿಚ್ಚು ಹಾಕಿದಳು. ಪ್ಲಾಸ್ಟಿಕ್ ಬಾಚಣಿಗೆಯನ್ನು ಉಣ್ಣೆ ಬಟ್ಟೆಗೆ ತಿಕ್ಕಿ ವಿದ್ಯುತ್ ಹಿಡಿಸಿ, ತುದಿಗೆ ಪೌಡರ್ ಅಂಟಿಸಿ, ಪೆಟ್ಟಿಗೆಯ ಕಿಂಡಿಯಿಂದ ಕೊಡವಿದಳು. ಎಲ್ಲ ಕೆಳಗೆ ಬಿತ್ತು. ಮತ್ತೆ ಕೊಡವಿದಳು. ಹಸಿರು ಬೆಳಕಿನಲ್ಲಿ, ಬಳೆಯ ನಡುವೆ, ನಾಲ್ಕಾರು ಚುಕ್ಕಿಗಳು ಬೀಳದೆ, ಹಾರಿಹೋಗದೆ ಕುಣಿಯುತ್ತ ನಿಂತವು.

"ಬೀಳ್ತಾನೇ ಇಲ್ವಲ್ಲೇ!" ಅತ್ತೆ ಪಿಸುಗುಟ್ಟಿದರು.

"ಮೇಲಕ್ಕೆ ಓಡಿದ್ರೆ ಕರೆಂಟು ಒಳಕ್ಕೆ ದಬ್ಬುತ್ತೆ. ಪಕ್ಕಕ್ಕೆ ತಿರುಗೋಷ್ಟ್ರಲ್ಲಿ ಅಲ್ಲೂ ಅಡ್ಡ ಬರುತ್ತೆ. ನಿಮ್ಮ ಮಗ ಅಂಬೆಗಾಲಿಡೋವಾಗ ನೀವೂ ಮಾವನೂ ಹೀಗೇ ತಡೀತಿದ್ರಂತಲ್ಲ?"

"ಅವನಿಗಿಂತ ಇವೇ ವಾಸಿ, ಹೇಳಿದ ಮಾತು ಕೇಳ್ತವೆ," ಎಂದು ಅತ್ತೆ ಗಾಜಿಗೆ ಮೂಗು ತಾಗಿಸಿ ನೋಡಿಯೇ ನೋಡಿದರು.

ಜನ ನುಗ್ಗಿದರು. ಇದೇನೆಂದು ಯಾರೋ ಕೇಳಿದಾಗ ಸೊಸೆಗಿಂತ ಮೊದಲು ಅತ್ತೆಯೇ ಬಾಯಿ ತೆರೆದರು: "ಪೌಡರು ನಂದು. ಹಿಡಿದು ನಿಲ್ಸಿರೋಳು ನನ್ನ ಸೊಸೆ."



ಸಂಜೆ ಜನವೆಲ್ಲ ಹೋದ ಮೇಲೆ ಮೇಜು ಒರೆಸುವವನು ಬಟ್ಟೆ ಹಿಡಿದು ಬಂದ. ಅತ್ತೆ ಎರಡೂ ಕೈ ಚಾಚಿ ಅಡ್ಡ ನಿಂತರು.

"ಮುಟ್ಟಬೇಡಪ್ಪಾ! ಅದು ಖಾಲಿ ಡಬ್ಬಿ ಅಲ್ಲ."