ಹನುಮಕ್ಕನ ತೋಟದಲ್ಲಿ ಸಿಕ್ಕ ಹೆಡ್ಡು

ತುಮಕೂರಿನ ಖಲೀಲುಲ್ಲಾ ಅವರ ಹಳೇ ಡಾಡ್ಜ್ ಕಾರಿನಲ್ಲಿ ಗಂಡನ ಮನೆಗೆ ಹೋಗದ ಹೆಣ್ಣುಮಕ್ಕಳು ಅವರ ಬೀದಿಯಲ್ಲಿ ಕಡಿಮೆ. ಮದುವೆಗಳಿಗೆ ಬಾಡಿಗೆ ಹೊಡೆಯುವುದೇ ಅವರ ಬದುಕು. ತಮ್ಮ ಮಗಳು ಬಾನುವನ್ನೂ ಅದರಲ್ಲೇ ಕಳಿಸಬೇಕೆಂಬ ಆಸೆ ಅವಳು ಹುಟ್ಟಿದಾಗಿನಿಂದ ಇತ್ತು.

೧೯೭೮ರಲ್ಲಿ ಅವಳಿಗೆ ಕುಣಿಗಲ್ಲಿನ ಸಂಬಂಧ ಕುದುರಿತು. ಬೀಗರ ಜೊತೆ ಮದುವೆ ಮಾತು ಮುಗಿಸಿ ಬರುವಾಗ ಕುಣಿಗಲ್ ಕೆರೆ ಏರಿಯ ಮೇಲೆ ಕಾರು ಕುದಿಯಿತು. ನಮಾಜಿಗೆ ಹೊತ್ತಾಗುತ್ತದೆಂಬ ಅವಸರ. ಇಂಜಿನ್ನು ಆರುವವರೆಗೆ ಕಾಯದೆ ತಣ್ಣನೆಯ ಕೆರೆ ನೀರು ಸುರಿದುಬಿಟ್ಟರು. ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಬೀಡುಕಬ್ಬಿಣದ ಹೆಡ್ಡು ಟಣ್ ಎಂದು ಸೀಳಿಹೋಯಿತು. ವೆಲ್ಡಿಂಗ್ ನಿಲ್ಲಲಿಲ್ಲ.

ಸೀಳಿದ ಹೆಡ್ಡಿನ ತೂತುಗಳಿಗೆ ಸರಿಯಾಗಿ ಒಂದು ರಟ್ಟು ಕೊರೆದು, ಅದನ್ನು ಕಂಕುಳಲ್ಲಿಟ್ಟುಕೊಂಡು, ಅದೇ ಅಳತೆಯ ಹಳೇ ಹೆಡ್ಡು ಹುಡುಕುತ್ತಾ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದರು.

“ಟ್ಯಾಕ್ಸಿಲಿ ಹೋಗ್ತೀನಿ ಬಿಡಿ ಅಬ್ಬಾ,” ಎಂದಳು ಬಾನು. “ನಂಗೆ ಗಂಡು ಹುಡ್ಕೋಕೂ ನೀವು ಇಷ್ಟು ಅಲೀಲಿಲ್ಲ.”

ಕೊನೆಗೆ ಬೆಂಗಳೂರಿನ ಗುಜರಿಯವನೊಬ್ಬ ನಕ್ಕ. “ಆ ಕಾಲದ ಕಾರೆಲ್ಲ ತೋಟ ಸೇರ್ಕೊಂಡ್ವು ಸಾಬ್. ಬಾವಿ ನೀರೆತ್ತೋಕೆ ಅವುಗಳ ಇಂಜಿನ್ನೇ ಅಲ್ವಾ ಹಾಕ್ತಿದ್ದಿದ್ದು?”

ಅಂದಿನಿಂದ ಅವರು ಅಂಗಡಿ ಬಿಟ್ಟು ತೋಟ ತೋಟ ಸುತ್ತುವ ಕೊಬ್ಬರಿ ವ್ಯಾಪಾರಿಗಳನ್ನು ವಿಚಾರಿಸತೊಡಗಿದರು. ಅವರಲ್ಲೊಬ್ಬರು ಗುಬ್ಬಿ ಹತ್ತಿರದ ಹನುಮಕ್ಕನ ತೆಂಗಿನ ತೋಟ ತೋರಿಸಿದರು.

ಕರೆಂಟಿನ ಪಂಪು ಬಂದ ಮೇಲೂ ಹನುಮಕ್ಕ ಹಳೇ ಇಂಜಿನ್ನನ್ನು ಬಾವಿ ಪಕ್ಕದ ಸೂರಿನಡಿ ಇಟ್ಟುಕೊಂಡಿದ್ದರು. ವರ್ಷ ವರ್ಷ ಆಯುಧಪೂಜೆಗೆ ಬಳಿದ ಬೆಳ್ಳಿ ಬಣ್ಣ, ಕುಂಕುಮದಡಿ ಅದರ ಕಂಪನಿ ಹೆಸರೇ ಹೂತುಹೋಗಿತ್ತು. ಹೆಸರು ನೋಡಲು ಖಲೀಲುಲ್ಲಾ ಸ್ಕ್ರೂಡ್ರೈವರ್ ತೆಗೆದರು.

“ಕೆರೀಬ್ಯಾಡಿ ಸಾಬ್ರೆ,” ಎಂದರು ಹನುಮಕ್ಕ. “ನಮ್ಮೆಜಮಾನ್ರು ಕೂರ್ಸಿದ್ದು ಅದು. ಪೂಜೆ ಮಾಡಿದ್ದನ್ನ ನಾನು ಮಾರಲ್ಲ.”

ಖಲೀಲುಲ್ಲಾ ಸ್ಕ್ರೂಡ್ರೈವರ್ ಜೇಬಿಗಿಟ್ಟರು. ಚಪ್ಪಲಿ ಬಿಟ್ಟು, ಬಿಸ್ಮಿಲ್ಲಾ ಎಂದುಕೊಂಡು, ರಟ್ಟನ್ನು ಮೆಲ್ಲಗೆ ಅದರ ಮೇಲಿಟ್ಟರು. ಒಂದೊಂದು ತೂತಿನಲ್ಲೂ ಒಂದೊಂದು ಬೋಲ್ಟು ತಲೆ ಎತ್ತಿತು. ಯಾರಿಗೆ ಬೇಕಾದ್ದನ್ನು ದೇವರು ಯಾರ ಕೈಯಲ್ಲಿ ಜೋಪಾನ ಮಾಡಿಸಿರುತ್ತಾನೋ.

“ಮಾರ್ಬೇಡಿ ತಾಯಿ. ಇದರ ಹೆಡ್ಡು ಕೊಡಿ ಸಾಕು, ನನ್ನ ಕಾರಿಗೆ ಹಾಕಿ ಓಡಿಸ್ತೀನಿ. ನನ್ನ ಮಗಳನ್ನ ಗಂಡನ ಮನೆಗೆ ಕರ್ಕೊಂಡು ಹೋಗ್ಲಿ.”

ಹನುಮಕ್ಕ ಅವರ ಬರಿಗಾಲನ್ನು ನೋಡಿದರು. “ಹಂಗಾರೆ ಮದ್ವೆ ಹೆಣ್ಣಿಗೆ ನನ್ನ ಉಡುಗೊರೆ ಅಂತ ಬಿಚ್ಕೊಳಿ. ಓಡೋದ್ನ ಮಾತ್ರ ನನ್ ಕಣ್ಣಿಗೆ ತೋರಿಸ್ಬೇಕು. ಗುಜರಿಗೆ ಹಾಕಿದ್ರೋ, ತುಮಕೂರ್ಗೇ ಬತ್ತೀನಿ.”

ತುಕ್ಕು ಹಿಡಿದ ನಟ್ಟುಗಳು ಸೀಮೆಎಣ್ಣೆ ಕುಡಿದು ಸಡಿಲವಾದವು. ಹೆಡ್ಡು ಡಾಡ್ಜಿಗೆ ಅಚ್ಚುಕಟ್ಟಾಗಿ ಕೂತಿತು. ಮೇಲಿನ ಕುಂಕುಮವನ್ನು ಖಲೀಲುಲ್ಲಾ ಒರೆಸಲಿಲ್ಲ.

ಮದುವೆ ದಿನ ಹೂವಿನಿಂದ ಸಿಂಗರಿಸಿದ ಕಾರು ಗುಬ್ಬಿ ಕಡೆ ತಿರುಗಿದಾಗ ಒಳಗಿದ್ದ ಮದುಮಗನ ಚಿಕ್ಕಪ್ಪ ಗೊಣಗಿದರು. “ಕುಣಿಗಲ್ಗೆ ಗುಬ್ಬಿ ಮೇಲೆ ಹೋಗೋದು ಯಾವೂರ್ ದಾರಿ ಬೀಗರೇ?”

“ಕಾರಿನ ತವರಿಗೆ ಹೋಗ್ಬರೋಣ,” ಎಂದರು ಖಲೀಲುಲ್ಲಾ.

ಹನುಮಕ್ಕ ಬಾನೆಟ್ ಎತ್ತಿಸಿ ಕುಂಕುಮ ಇದೆಯೇ ಎಂದು ನೋಡಿಕೊಂಡರು. ಬಾನುವಿನ ಮಡಿಲಿಗೆ ಎಳನೀರಿಟ್ಟು, ಚಕ್ರಗಳಡಿ ನಿಂಬೆಹಣ್ಣಿಟ್ಟರು. “ಈಗ ಓಡ್ಸಿ, ನೋಡಾಣ.” ಕಾರು ನಿಂಬೆಹಣ್ಣು ಚಚ್ಚಿ, ಹಾರನ್ ಹೊಡೆಯುತ್ತಾ ತೋಟ ದಾಟಿತು.

ಕುಣಿಗಲ್ ಕೆರೆ ಏರಿಯ ಮೇಲೆ ಖಲೀಲುಲ್ಲಾ ಕಾರು ನಿಲ್ಲಿಸಿ, ಇಳಿದು ಬಾನೆಟ್ ಎತ್ತಿದರು.

“ಏನಾಯ್ತು ಅಬ್ಬಾ?”

“ಏನೂ ಆಗಿಲ್ಲ ಬೇಟಿ. ಅದನ್ನೇ ನೋಡ್ತಾ ಇದೀನಿ.”