ಕೊಂಕು ಹೇಳಿದವರ ಕೈಗೆ ಸೌಟು

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಈಗ ಒಂದು ಹಿತ್ತಾಳೆಯ ಸೌಟು ತೂಗುತ್ತಿದೆ. ಸೌಟೆಂದರೆ ಸಾರು ಬಡಿಸುವ ಪುಟ್ಟ ಸೌಟಲ್ಲ. ದೊಡ್ಡ ಕಡಾಯಿಯ ತಳ ಮುಟ್ಟಿ ತಿರುವಲೆಂದೇ ಮಾಡಿಸಿದ, ನನ್ನ ತೋಳಿಗಿಂತ ಉದ್ದದ, ಬಂದ ನೆಂಟರು ‘ದೋಣಿ ಎಲ್ಲಿ ಕಟ್ಟೀರಿ?’ ಎಂದು ಕೇಳುವಂಥ ಸೌಟು. ಬೆಳಿಗ್ಗೆ ಚಹಾದ ಆಸೆಗೆ ಒಳಗೆ ಹೋದರೆ ಭುಜಕ್ಕೊಂದು ಏಟು ಕೊಟ್ಟೇ ಬಿಡುತ್ತದೆ. “ಮೊಳಿ ಬ್ಯಾರೆ ಕಡೆ ಹೊಡೀಲೇನ್ರಿ?” ಎಂದು ಹೆಂಡತಿ ಕೇಳುತ್ತಾಳೆ. ಬೇಡ ಎನ್ನುತ್ತೇನೆ. ಏಕೆ ಬೇಡ ಎಂಬುದನ್ನು ನಿಮ್ಮೊಡನೆ ಹೇಳಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ.

ಧಾರವಾಡದ ಕೆಲಗೇರಿ ಕೆರೆಯತ್ತ ಇಳಿಯುವ ನಮ್ಮ ಓಣಿಯಲ್ಲಿ ಶ್ರಾವಣದ ಒಂದು ಭಾನುವಾರ ಎಲ್ಲ ಮನೆಯವರೂ ಸೇರಿ ಬೆಲ್ಲ ಹಾಕಿದ ಗೋದಿ ಹುಗ್ಗಿ ಮಾಡಿ, ಒಂದೇ ಚಪ್ಪರದಡಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ರೂಢಿಯಿದೆ. ಅದರ ಬೆನ್ನಿಗೆ ಅಂಟಿಕೊಂಡ ಇನ್ನೊಂದು ರೂಢಿಯೂ ಇದೆ. ಉಂಡೆದ್ದ ಮೇಲೆ ಅಡುಗೆಗೆ ಮೊದಲು ಯಾರು ಕೊಂಕು ಹೇಳುತ್ತಾರೋ ಅವರ ಕೈಗೆ ಸೌಟು ಹೋಗುತ್ತದೆ. ಮುಂದಿನ ವರ್ಷದ ಯಜಮಾನಿಕೆ ಅವರದು. ಹೆಣ್ಣು ಗಂಡು, ಹಿರಿಯ ಕಿರಿಯ ಎಂಬ ಭೇದವಿಲ್ಲ. ಹೀಗಾಗಿ ಊಟ ಮುಗಿಯುತ್ತಿದ್ದಂತೆ ಓಣಿಯೇ ಮೌನವ್ರತ ಹಿಡಿಯುತ್ತದೆ. ನಾನಂತೂ ಸೀದ ಹುಗ್ಗಿಯನ್ನೂ ಹಾಡಿ ಹೊಗಳಿ ಜಾರಿಕೊಳ್ಳುವುದರಲ್ಲಿ ನಿಸ್ಸೀಮ. ತಮಾಷೆಯೆಂದರೆ ನನ್ನ ಹೊಟ್ಟೆಪಾಡೇ ನಾಯಕತ್ವ ಕಲಿಸುವುದು. ನಮ್ಮೂರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಹೋಗಿ, ಕಾಲ ಬದಲಾದಾಗ ಮುಂದಾಳು ಹೇಗೆ ಬದಲಾಗಬೇಕು ಎಂದು ಮೇಲ್ವಿಚಾರಕರಿಗೆ ಬೋರ್ಡಿನ ಮೇಲೆ ಬಾಣ ಎಳೆದು ತೋರಿಸುವವನು ನಾನು.

ಹಿಂದಿನ ವರ್ಷ ಬೈಲಹೊಂಗಲದ ಕಡೆಯಿಂದ ವರ್ಗವಾಗಿ ಬಂದ ಶಿವಲೀಲಾ ಎಂಬ ಹೆಣ್ಣುಮಗಳಿಗೆ ಈ ರೂಢಿಯ ಗಾಳಿಯೂ ಸೋಕಿರಲಿಲ್ಲ. ಕೈ ತೊಳೆಯುತ್ತ, “ಹುಗ್ಗಿ ಒಂಚೂರು ತೆಳ್ಳಗಾಗೇತಿ ನೋಡ್ರಿ” ಎಂದುಬಿಟ್ಟಳು. ಸೌಟು ಅವಳ ಕೈಗೆ ಬಂತು. ಬಾಡಿಗೆ ಮನೆಯ ಹೊಸಬಳು, ಯಾರ ಪರಿಚಯವೂ ಸರಿಯಾಗಿಲ್ಲ. ‘ನೋಡೂಣು, ಏನ್ ಮಾಡ್ತಾಳ’ ಎಂದು ಕಾದವರೂ ಇದ್ದರು. ಈ ವರ್ಷ ಊಟದ ಹಿಂದಿನ ದಿನ ಅವಳು ನನ್ನ ಹೆಂಡತಿಯ ಮುಂದೆ ಕಣ್ಣು ತುಂಬಿಕೊಂಡು, “ನಾಳಿ ಕೆಟ್ಟರ ಈ ಓಣ್ಯಾಗ ತಲಿ ಎತ್ತಿ ಹೆಂಗ ಅಡ್ಡಾಡ್ಲಿರಿ ಅಕ್ಕಾ?” ಎಂದಳಂತೆ.

ಹುಗ್ಗಿ ಕೆಡಲಿಲ್ಲ, ಕೆಟ್ಟದ್ದು ಆಕಾಶ. ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಧಾರವಾಡದ ಜಿಟಿಜಿಟಿ ಮಳೆ ತನ್ನ ಸೌಮ್ಯ ಸ್ವಭಾವ ಬಿಟ್ಟು ಧೋ ಎಂದು ಸುರಿಯಿತು. ಚಪ್ಪರದ ತಾಡಪತ್ರಿ ನೀರು ತುಂಬಿ ಬಸುರಿಯಂತೆ ಉಬ್ಬಿ, ಹಗ್ಗ ಹರಿದು, ಹಾಸಿದ ಚಾಪೆಗಳ ಮೇಲೆಲ್ಲ ಕೆರೆಯಾಯಿತು. ಪಕ್ಕದ ಶೆಡ್ಡಿನಲ್ಲಿ ಕಡಾಯಿಯ ಮುಂದೆ ಶಿವಲೀಲಾ ಸೌಟು ಹಿಡಿದು ಕಲ್ಲಾಗಿ ನಿಂತಿದ್ದಳು.

ಆಗ ನಾನು ನೋಡಿದ್ದು ಬಸಪ್ಪ ಕಾಕಾನ ಕೈಯನ್ನು. ಹತ್ತಿ ವ್ಯಾಪಾರದಲ್ಲಿ ಹಣ್ಣಾದ ಜೀವ, ಓಣಿಗೆಲ್ಲ ಹಿರಿಯರು, ಎಷ್ಟೋ ಶ್ರಾವಣ ಆ ಸೌಟು ಆಡಿಸಿದವರು. ಅವರ ಕೈ ಸೌಟಿನತ್ತ ಚಾಚಿತು. ಅಷ್ಟರಲ್ಲಿ ಏನನ್ನಿಸಿತೋ, ಆ ಕೈ ಹಿಂದೆ ಸರಿದು ತಲೆಯ ಟೋಪಿಯನ್ನು ಸರಿಮಾಡಿಕೊಂಡಿತು.

“ಏನ್ ಮಾಡೂದು ಹೇಳವಾ ತಂಗಿ, ನಾವು ಮಾಡ್ತೀವಿ” ಎಂದರು.

ಶಿವಲೀಲಾ ಒಮ್ಮೆ ಮಳೆಯನ್ನು, ಒಮ್ಮೆ ಓಣಿಯನ್ನು ನೋಡಿದಳು. “ಮಂದಿ ಹುಗ್ಗಿ ಕಡೆ ಬರಾಕ ಆಗಂಗಿಲ್ಲರಿ ಕಾಕಾ. ಹುಗ್ಗೀನ ಮಂದಿ ಕಡೆ ಹೋಗ್ಲಿ. ಎಲ್ಲಾರೂ ಯಾರ ಮನಿ ಕಟ್ಟಿ ಹತ್ತಿರ ಐತೋ, ಅಲ್ಲೇ ಕುಂಡ್ರಲಿ.”

“ಪಂಕ್ತಿ ಮುರೀತದಲ್ಲ?” ಎಂದು ಯಾರೋ ಗೊಣಗಿದರು. “ಉದ್ದ ಆಗ್ತೈತ್ರಿ” ಎಂದಳು.

ಕಡಾಯಿ ಕಾಯಿಪಲ್ಲೆಯ ತಳ್ಳುಗಾಡಿ ಏರಿತು. ಅದಕ್ಕೆ ಛತ್ರಿ ಹಿಡಿಯುವ ಘನಕಾರ್ಯ ನನ್ನ ಪಾಲಿಗೆ. ಮೂಲೆಯ ಗಟಾರದ ಬಳಿ ಗಾಲಿ ಹೂತು ಗಾಡಿ ಅಲುಗದಾಯಿತು; ನಾನು ಹಣೆ ಚಚ್ಚಿಕೊಂಡೆ, ಅವಳು ಹಣೆ ಒರೆಸಿಕೊಂಡಳು. ಮನೆಮನೆಯಿಂದ ಬಕೆಟ್ಟು ತರಿಸಿ, ತುಂಬಿ, ಬಡಿಸುವ ಕೆಲಸವನ್ನೇ ಓಣಿಗೆಲ್ಲ ಹಂಚಿಬಿಟ್ಟಳು. ವರ್ಷಗಟ್ಟಲೆ ಎದುರುಬದುರು ಇದ್ದೂ ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿಯದವರು ಅಂದು ಪರಸ್ಪರರ ಕಟ್ಟೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು, ಹುಗ್ಗಿಗೆ ತುಪ್ಪ ಹಾಕಿಸಿಕೊಂಡು, ಮಳೆಯ ಸದ್ದನ್ನೂ ಮೀರಿಸಿ ನಕ್ಕರು. ನನಗಂತೂ ಹಬ್ಬಕ್ಕೇ ಹಬ್ಬ ಬಂದಷ್ಟು ಸಂತೋಷವಾಯಿತು.

ಛತ್ರಿ ಹಿಡಿದೇ ಯೋಚಿಸಿದೆ. ನಾಳೆ ಹೀಗೇ ಎಂದು ಯಾರೂ ಹೇಳಲಾಗದ ಕಾಲದಲ್ಲಿ ಮುಂದಾಳುಗಳನ್ನು ಬೆಳೆಸುವುದು ಹೇಗೆಂದು ನಾವು ತರಬೇತಿಯವರು ಗಂಟಲು ಹರಿದುಕೊಳ್ಳುತ್ತೇವೆ. ಪೂರ್ತಿ ಸಿದ್ಧರಾದ ಮೇಲೆ ಹೊಣೆ ಕೊಡೋಣವೆಂದು ಕಾಯುತ್ತೇವೆ. ಕೊಟ್ಟರೂ ಮೊದಲ ಮಳೆಗೇ ಕಸಿದುಕೊಳ್ಳುತ್ತೇವೆ. ಮಳೆ ಹೇಗಿದ್ದರೂ ಶಿವಲೀಲೆಗೆ ಕಲಿಸುತ್ತಿತ್ತು. ಆದರೆ ಕಾಕಾನ ಕೈ ಟೋಪಿಯ ಕಡೆ ಹೋಗದಿದ್ದರೆ ಅವಳು ಕಲಿಯುವ ಮೊದಲೇ ಊಟ ಮುಗಿದಿರುತ್ತಿತ್ತು. ಬಲ್ಲವನ ಕೈ ಸುಮ್ಮನಿರುವುದು ಎಷ್ಟು ಕಷ್ಟವೆಂಬುದನ್ನು ನಾನು ಯಾವ ಬೋರ್ಡಿನ ಮೇಲೂ ಬರೆದವನಲ್ಲ.

ಮಳೆ ನಿಂತಿತು. ಎಲೆಯಡಿಕೆ ಬಂತು. ಎಂದಿನ ಮೌನವೂ ಬಂತು. ಎಲ್ಲರೂ ಕೆರೆಯ ಕಡೆ, ಮುಗಿಲಿನ ಕಡೆ ನೋಡತೊಡಗಿದರು. ಶಿವಲೀಲಾ ಸೀರೆಯ ಸೆರಗು ಹಿಂಡಿಕೊಳ್ಳುತ್ತ, ತಲೆ ಎತ್ತಿ ಓಣಿಯ ನಡುವೆ ನಿಂತಿದ್ದಳು. ಆ ಮೌನವನ್ನು ಮುರಿದವನು, ನಂಬಿದರೆ ನಂಬಿ, ನಾನೇ.

“ಬೆಲ್ಲ ಒಂಚೂರು ಕಮ್ಮಿ ಬಿದ್ದೈತಿ ನೋಡ್ರಿ.”

ಓಣಿಯೇ ಹೋ ಎಂದಿತು. “ಹಿಡೀರಿ ಸರ, ಸಿಕ್ಕಿಬಿದ್ರಿ!” ಎಂದು ಕಾಕಾ ಕೇಕೆ ಹಾಕಿದರು. ಶಿವಲೀಲಾ ಸೌಟನ್ನು ಚೆನ್ನಾಗಿ ತೊಳೆದು ತಂದು ನನ್ನ ಎರಡೂ ಕೈಗಳ ಮೇಲಿಟ್ಟಳು.

ಅಂದಿನಿಂದ ಅದು ಅದೇ ಮೊಳೆಯಲ್ಲಿದೆ, ಬೆಳಿಗ್ಗೆ ಬೆಳಿಗ್ಗೆ ಭುಜ ತಟ್ಟುತ್ತದೆ. ಮುಂದಿನ ಶ್ರಾವಣಕ್ಕೆ ಮಳೆಯೋ, ಬಿಸಿಲೋ, ಮತ್ತೇನೋ, ಬಲ್ಲವರಾರು! ಹೆದರಿಕೆ ಇದೆ, ಅದಕ್ಕಿಂತ ಹೆಚ್ಚಾಗಿ ಖುಷಿಯಿದೆ. ನೀವು ನಮ್ಮವರೆಂದು ಒಂದು ಗುಟ್ಟು ಹೇಳುತ್ತೇನೆ: ಆ ಹುಗ್ಗಿಗೆ ಬೆಲ್ಲ ಹದವಾಗಿಯೇ ಇತ್ತು. ಓಣಿಯಲ್ಲಿ ಯಾರಿಗೂ ಬಾಯಿಬಿಡಬೇಡಿ. ಸೌಟು ವಾಪಸ್ ಕೇಳಿಯಾರು.