ಪಡಸಾಲೆಯನ್ನು ಕಾಯುವ ಸೂಜಿ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಅಡುಗೆಮನೆಯ ಹಿಂದಿನ ಇಕ್ಕಟ್ಟಾದ ಜಾಗದಲ್ಲಿ, ಬಟ್ಟೆ ಒಗೆಯುವ ಯಂತ್ರದ ಮೇಲೆ ಲ್ಯಾಪ್‌ಟಾಪ್ ತೆರೆದಿದೆ. ಅದರ ಮುಂದೆ ನಿಂತವರು ಎಡಗಾಲಿನಿಂದ ಬಲಗಾಲಿಗೆ, ಬಲಗಾಲಿನಿಂದ ಎಡಗಾಲಿಗೆ ಭಾರ ಬದಲಿಸುತ್ತಲೇ ಇದ್ದಾರೆ. ಪಕ್ಕದಲ್ಲಿ ಕುರ್ಚಿಯೊಂದಿದೆ, ಆದರೆ ಅದರ ತುಂಬ ಬಟ್ಟೆ. ಯಂತ್ರ ನೀರು ಹಿಂಡಲು ಶುರುಮಾಡಿದಾಗ ಪರದೆಯ ಮೇಲಿನ ಅಕ್ಷರಗಳೆಲ್ಲ ನಡುಗುತ್ತವೆ. ಆಗ ಅವರು ಟೈಪಿಸುವುದನ್ನು ನಿಲ್ಲಿಸಿ, ಆರಿದ ಕಾಫಿಯ ಒಂದು ಗುಟುಕು ಕುಡಿದು, ಅದು ನಿಲ್ಲುವುದನ್ನೇ ಕಾಯುತ್ತಾರೆ.

"ಮನೇಲಿ ಸಿಗ್ನಲ್ ಚೆನ್ನಾಗಿ ಸಿಗೋದು ಇಲ್ಲೇ. ಕೂತ್ರೆ ಕೆಲಸ ಸಾಗಲ್ಲ ನಂಗೆ. ಶಾಲೇಲೂ ಟೀಚರ್ ಬೆಂಚಿಗೆ ಕಟ್ಟಿಹಾಕ್ತೀನಿ ಅಂತಿದ್ರು" ಎನ್ನುತ್ತಾರೆ.

ಮಲಗಿ ಏಳುವಷ್ಟರಲ್ಲಿ ಬಂದು ಬಿದ್ದಿರುವ ಪ್ರಶ್ನೆಗಳನ್ನು ಅವರು ಒಂದೊಂದಾಗಿ ತೆರೆಯುತ್ತಿದ್ದಾರೆ. ಜೇನು ಸಾಕುವವರ ಗುಂಪೊಂದರಲ್ಲಿ ಫೋಟೊ ಏರುತ್ತಿಲ್ಲ. ಹಳೆಯ ರೇಡಿಯೊ ರಿಪೇರಿ ಮಾಡುವವರ ಗುಂಪಿನಲ್ಲಿ ಯಾರೋ ಪಾಸ್‌ವರ್ಡ್ ಮರೆತಿದ್ದಾರೆ. ಇನ್ನೊಬ್ಬರು 'ಕೆಲಸ ಮಾಡ್ತಿಲ್ಲ' ಎಂದಷ್ಟೇ ಬರೆದಿದ್ದಾರೆ.

"ಯಾವುದು ಕೆಲಸ ಮಾಡ್ತಿಲ್ಲ, ಯಾವಾಗಿಂದ, ಏನು ಒತ್ತಿದ್ರಿ, ಒಂದೂ ಇಲ್ಲ. ಡಾಕ್ಟರ ಹತ್ರ ಹೋಗಿ 'ನೋವು' ಅಂದು ಎದ್ದು ಬಂದ್ಬಿಟ್ಟ ಹಾಗೆ" ಎಂದು ನಗುತ್ತಾರೆ. ನಗುತ್ತಲೇ ತಾಳ್ಮೆಯಿಂದ ಉತ್ತರ ಬರೆಯುತ್ತಾರೆ.

ಇವರನ್ನು ಅಂತರ್ಜಾಲದಲ್ಲಿ ಬಲ್ಲವರೆಲ್ಲ ಕರೆಯುವುದು 'ಸೂಜಿ' ಎಂದು. ಸಣ್ಣ ತಪ್ಪನ್ನೂ ಚುಚ್ಚಿ ತೋರಿಸುತ್ತಾರೆಂದು ಯಾರೋ ತಮಾಷೆಗೆ ಇಟ್ಟ ಹೆಸರು, ಹಾಗೇ ಅಂಟಿಕೊಂಡಿದೆ. ಇವರು ನೋಡಿಕೊಳ್ಳುವ ತಂತ್ರಾಂಶದ ಹೆಸರು 'ಪಡಸಾಲೆ'. ಒಂದೇ ಆಸಕ್ತಿಯ, ಒಂದೇ ಕಷ್ಟದ ಜನ ಒಟ್ಟಿಗೆ ಸೇರಿ ಮಾತಾಡಲು ಅಂತರ್ಜಾಲದಲ್ಲಿ ಜಾಗ ಬೇಕೆಂದರೆ ಪಡಸಾಲೆಯನ್ನು ಇಳಿಸಿಕೊಂಡು ತಮ್ಮದೇ ಕಂಪ್ಯೂಟರಿನಲ್ಲಿ ಕೂರಿಸಿಕೊಳ್ಳಬಹುದು. ನಡುವೆ ಜಾಹೀರಾತು ನುಗ್ಗುವುದಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಅದನ್ನು ಹೇಗೆ ಕಟ್ಟಲಾಗಿದೆ ಎಂಬುದನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಬಿಟ್ಟಿಯಾಗಿ ಸಿಗುತ್ತದೆ. ಹಾಗೆ ಸಿಗುವ ಆ ವಸ್ತುವನ್ನು ಪ್ರತಿದಿನ ಯಾರೋ ಒಬ್ಬರು ದುರಸ್ತಿಯಲ್ಲಿ ಇಟ್ಟಿರುತ್ತಾರೆ ಎಂಬುದು ಮಾತ್ರ ಬಳಸುವವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಹೊಟ್ಟೆಪಾಡಿಗೆ ಸೂಜಿಯವರು ಮಾಡುವುದು ಬೇರೆಯೇ ಕೆಲಸ. ಪೇಟೆಯ ಕನ್ನಡಕದಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜು ಕತ್ತರಿಸಿ, ಅಂಚು ಉಜ್ಜಿ, ಫ್ರೇಮಿಗೆ ಕೂರಿಸುತ್ತಾರೆ. ಮದುವೆಗೆ ಮುಂಚೆ ಒಂದು ಕಂಪ್ಯೂಟರ್ ಕಂಪನಿಯಲ್ಲಿದ್ದರು. ಆ ಕಂಪನಿ ಬಾಗಿಲು ಹಾಕಿದ ಮೇಲೆ ಚಿಕ್ಕಪ್ಪನ ಪರಿಚಯದಿಂದ ಈ ಅಂಗಡಿ ಸೇರಿದರು. ಪಡಸಾಲೆಯ ನಂಟು ಬೆಳೆದದ್ದೂ ಇಲ್ಲಿಂದಲೇ. ಸಣ್ಣ ಅಂಗಡಿಗಳಲ್ಲಿ ಗಾಜು ಉಜ್ಜುವವರದೇ ಒಂದು ಗುಂಪು ಪಡಸಾಲೆಯ ಮೇಲೆ ನಡೆಯುತ್ತಿತ್ತು. ಗಾಜು ಬಿರುಕು ಬಿಟ್ಟರೆ ಏನು ಮಾಡಬೇಕು, ಹಳೆಯ ಯಂತ್ರದ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂಬಂಥ ಮಾತುಕತೆ. ಅಲ್ಲಿ ಫೋಟೊ ಹಾಕಿದರೆ ತಲೆಕೆಳಗಾಗಿ ಕಾಣುತ್ತಿತ್ತು.

"ಎಲ್ಲರೂ ಕತ್ತು ವಾಲಿಸ್ಕೊಂಡು ನೋಡ್ತಿದ್ರು. ನಂಗೆ ಮೈ ಪರಚಿಕೊಳ್ಳೋ ಹಾಗಾಗ್ತಿತ್ತು. ಒಂದು ಭಾನುವಾರ ಕೂತು, ಅಂದ್ರೆ ನಿಂತು, ಸರಿ ಮಾಡಿ ಕಳಿಸ್ದೆ."

ಕಳಿಸಿದ್ದು ಪಡಸಾಲೆಯನ್ನು ಮೊದಲು ಕಟ್ಟಿದವರಿಗೆ. ಅವರು ದೂರದ ದೇಶದವರು, ಇವರು ಇಂದಿಗೂ ಅವರ ಮುಖ ನೋಡಿಲ್ಲ. ಮತ್ತಷ್ಟು ತಿದ್ದುಪಡಿಗಳು ಹೋದವು. ಅಷ್ಟರಲ್ಲಿ ಅವರಿಗೆ ಅವಳಿ ಮಕ್ಕಳಾದವು, ಉತ್ತರ ತಡವಾಗತೊಡಗಿತು. ಒಂದು ದಿನ ಬಂದದ್ದು ಒಂದೇ ಸಾಲು: 'ಕೀಲಿ ನಿಮಗೆ ಕೊಡ್ತೀನಿ, ನೋಡ್ಕೊಳ್ತೀರಾ?' ಕೀಲಿ ಎಂದರೆ ಪಡಸಾಲೆಯನ್ನು ತಿದ್ದಿ ಹೊಸ ಆವೃತ್ತಿ ಬಿಡುಗಡೆ ಮಾಡುವ ಅಧಿಕಾರ. ಸೂಜಿಯವರು ಆಗಲಿ ಎಂದರು. ಎಷ್ಟು ದಿನ ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಅಂದಿನಿಂದ ಬೆಳಗಿನ ಹೊತ್ತು ಪಡಸಾಲೆಯದು, ಹಗಲು ಅಂಗಡಿಯದು. ಮನೆಯಲ್ಲಿ ಅತ್ತೆಯವರಿದ್ದಾರೆ. ಪತಿ ನಗರ ಸಾರಿಗೆಯ ಬಸ್ ಚಾಲಕ, ಮೊದಲ ಬಸ್ಸಿಗೆ ಹೋಗುವವರು. ಈ ಬರಹಕ್ಕಾಗಿ ನಾನು ಹೋದ ಬೆಳಗ್ಗೆ ಅವರು ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಾ ಇಣುಕಿ ನೋಡಿ, "ನನ್ನ ಬಸ್ಸಲ್ಲಾದ್ರೆ ಜನ ಹತ್ತೋದು ಇಳಿಯೋದು ಕಾಣ್ಸುತ್ತೆ. ಇವಳ ಬಸ್ಸಲ್ಲಿ ಯಾರಿದಾರೆ ಅಂತ ಇವಳಿಗೇ ಗೊತ್ತಿಲ್ಲ" ಎಂದು ಹೊರಟುಬಿಟ್ಟರು.

ಅತ್ತೆಯವರದು ನೇರ ಮಾತು. ಸೊಪ್ಪು ಬಿಡಿಸುತ್ತಾ ನನ್ನನ್ನೇ ಕೇಳಿದರು: "ನೀವೇ ಹೇಳಿ, ಊರವರಿಗೆಲ್ಲ ಬಿಟ್ಟಿ ಚಾಕರಿ ಮಾಡಿ ಬೈಸ್ಕೊಳ್ಳೋದು ಯಾವ ಸುಖಕ್ಕೆ? ಹೋದ ವರ್ಷ ಇವಳು ಊಟ ಬಿಟ್ಟಿದ್ದು ನಾನು ನೋಡಿದೀನಿ."

ಹೋದ ವರ್ಷದ ಆ ಸಂಗತಿಯನ್ನು ಸೊಸೆ ತಾವಾಗಿ ಹೇಳುವವರಲ್ಲ. ಕೇಳಿದಾಗಲೂ ಮೊದಲು ಯಂತ್ರದಿಂದ ಬಟ್ಟೆ ತೆಗೆದು, ಕೊಡವಿ, ಹಗ್ಗಕ್ಕೆ ಹಾಕಿ ಬಂದರು.

ಒಬ್ಬ ಅಪರಿಚಿತರು ಬರೆದಿದ್ದರು, ಪಡಸಾಲೆಯಲ್ಲಿ ಒಂದು ಕಿಂಡಿಯಿದೆ ಎಂದು. ಇಬ್ಬರು ಸದಸ್ಯರು ತಮ್ಮತಮ್ಮಲ್ಲೇ ಬರೆದುಕೊಳ್ಳುವ ಗುಟ್ಟಿನ ಸಂದೇಶವನ್ನು, ಗೊತ್ತಿದ್ದವರು ಆ ಕಿಂಡಿಯಿಂದ ಓದಬಹುದಿತ್ತು. ಸೂಜಿಯವರು ತಾವೇ ಪರೀಕ್ಷಿಸಿ ನೋಡಿದರು. ನಿಜವಾಗಿತ್ತು.

"ಕಾಯಿಲೆಯವರ ಗುಂಪುಗಳಿವೆ, ಗಂಡನ ಹೊಡೆತ ತಪ್ಪಿಸ್ಕೊಂಡು ಬಂದ ಹೆಂಗಸರದೂ ಒಂದಿದೆ. ಅವರು ಒಬ್ಬರಿಗೊಬ್ಬರು ಏನೇನು ಬರೆದಿರ್ತಾರೋ. ಎಲ್ಲರಿಗೂ ಹೇಳೋಣ ಅಂದ್ರೆ ಕಳ್ಳರಿಗೂ ಹೇಳ್ದಂಗೆ. ಹೇಳದೆ ಇದ್ರೆ ಯಾರೂ ಹೊಸದು ಹಾಕ್ಕೊಳ್ಳಲ್ಲ. ಯಾರ್ಯಾರು ಪಡಸಾಲೆ ಇಟ್ಕೊಂಡಿದಾರೆ ಅಂತ ನನ್ನ ಹತ್ರ ಲೆಕ್ಕಾನೂ ಇಲ್ಲ. ಬೇಕಾದವರು ತಗೊಂಡು ಹೋಗ್ತಾರೆ, ಹೇಳಿ ಹೋಗಲ್ಲ."

ಅಂಗಡಿಗೆ ರಜೆ ಹಾಕಿ ಕಿಂಡಿ ಮುಚ್ಚಿದರು. ಹೊಸ ಆವೃತ್ತಿ ಬಿಡುಗಡೆ ಮಾಡಿ, ತಡಮಾಡದೆ ಹಾಕಿಕೊಳ್ಳಿ ಎಂದು ಬರೆದರು. ಆದರೆ ಆತುರದಲ್ಲಿ ಹಳೆಯ ಕಂಪ್ಯೂಟರುಗಳ ಮೇಲೆ ಅದನ್ನು ಪರೀಕ್ಷಿಸಿರಲಿಲ್ಲ. ಮಾತು ಕೇಳಿ ಹೊಸದನ್ನು ಹಾಕಿಕೊಂಡ, ಹಳೆಯ ಕಂಪ್ಯೂಟರಿನ ಗುಂಪುಗಳಲ್ಲೆಲ್ಲ 'ಕಳುಹಿಸು' ಗುಂಡಿ ಸತ್ತುಹೋಯಿತು. ಓದಬಹುದು, ಬರೆಯುವಂತಿಲ್ಲ.

ಬೈಗುಳ ಶುರುವಾಯಿತು. 'ನಿಮ್ಮನ್ನು ನಂಬಿದ್ದೇ ತಪ್ಪು' ಎಂದರು ಒಬ್ಬರು. 'ಬರದಿದ್ದರೆ ಯಾಕೆ ಕೈ ಹಾಕ್ತೀರಿ' ಎಂದರು ಇನ್ನೊಬ್ಬರು. ಗ್ರಾಹಕರ ದೂರು ಕೇಳಲು ಪಡಸಾಲೆಯನ್ನೇ ಬಳಸುತ್ತಿದ್ದ ದೊಡ್ಡ ಕಂಪನಿಯೊಂದಿತ್ತು. ಅಲ್ಲಿಯವರೆಗೆ ಒಂದು ಮಾತನ್ನೂ ಆಡದಿದ್ದ ಅದರ ಕಚೇರಿಯಿಂದ 'ಸಂಜೆಯೊಳಗೆ ಸರಿಪಡಿಸತಕ್ಕದ್ದು' ಎಂಬ ಸಂದೇಶ ಬಂತು.

ಮರುದಿನ ರಜೆ ಸಿಗಲಿಲ್ಲ. ಉಜ್ಜುವ ಯಂತ್ರದ ಮುಂದೆ ಕೈ ಕೆಲಸದಲ್ಲಿ, ತಲೆ ಪಡಸಾಲೆಯಲ್ಲಿ. ಬಲಗಣ್ಣಿನ ಗಾಜನ್ನು ಎಡಕ್ಕೂ ಎಡದ್ದನ್ನು ಬಲಕ್ಕೂ ಕೂರಿಸಿಬಿಟ್ಟರು. ಕನ್ನಡಕ ಹಾಕಿಕೊಂಡ ಗಿರಾಕಿ ಮೆಟ್ಟಿಲಿಳಿಯಲು ಹೋಗಿ, ತಡವರಿಸಿ, ಬಾಗಿಲಿನ ಚೌಕಟ್ಟು ಹಿಡಿದು ನಿಂತರು. ಬೀಳಲಿಲ್ಲ ಎಂಬುದೇ ಪುಣ್ಯ. ಮಾಲೀಕರು ಕೂಗಾಡಲಿಲ್ಲ. "ಏನಮ್ಮ ಇದು" ಎಂದಷ್ಟೇ ಅಂದರು.

"ಅದೇ ನಂಗೆ ತಡ್ಕೊಳ್ಳೋಕಾಗ್ಲಿಲ್ಲ. ಅಲ್ಲೂ ಕೆಡಿಸ್ದೆ, ಇಲ್ಲೂ ಕೆಡಿಸ್ದೆ ಅನ್ಸ್ತು. ಅಲ್ಲೇ ಫೋನ್ ತೆಗೆದು ಬರೆದ್ಬಿಟ್ಟೆ, ನನ್ನಿಂದ ಆಗಲ್ಲ, ಬೇರೆಯವರು ಯಾರಾದ್ರೂ ನೋಡ್ಕೊಳ್ಳಿ ಅಂತ."

ಹಾಗೆ ಬರೆದು ಕೈ ತೊಳೆದುಕೊಂಡರು. ಫೋನು, ಲ್ಯಾಪ್‌ಟಾಪು ಎರಡನ್ನೂ ಅತ್ತೆಯವರ ಕಪಾಟಿನಲ್ಲಿಟ್ಟು ಬೀಗ ಹಾಕಿಸಿದರು. ಆದರೆ ಮನಸ್ಸಿಗೆ ಬೀಗ ಹಾಕುವವರಾರು? ಬೆಳಗ್ಗೆ ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತು. ಎದ್ದು ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದರು, ಒಗೆದ ಬಟ್ಟೆಯನ್ನೇ ಮತ್ತೆ ನೆನೆಸುತ್ತಿದ್ದರು. "ಮನೆ ಲಕಲಕ ಅಂತಿತ್ತು. ನಂಗೆ ಮಾತ್ರ ಅವಳನ್ನ ನೋಡೋಕಾಗ್ತಿರಲಿಲ್ಲ" ಎನ್ನುತ್ತಾರೆ ಅತ್ತೆಯವರು.

ಆ ವಾರದ ಕೊನೆಗೆ ಕನ್ನಡಕದಂಗಡಿಗೆ ವಯಸ್ಸಾದ ಒಬ್ಬರು ಬಂದರು. ಕೊರಳಿಗೆ ಬಿಳಿ ಬಟ್ಟೆ ಸುತ್ತಿತ್ತು. ಮಾಲೀಕರು ಏನು ಬೇಕೆಂದು ಕೇಳಿದರೆ ಮಾತಾಡಲಿಲ್ಲ. ಫೋನಿನಲ್ಲಿ ಏನೋ ಬರೆದು ತೋರಿಸಿದರು. ಮಾಲೀಕರು ಹಿಂಬದಿಯ ಕೋಣೆಗೆ ಬಂದು, "ಯಾರೋ ಸೂಜಿ ಬೇಕು ಅಂತಿದಾರೆ. ಪಕ್ಕದ ಹೊಲಿಗೆ ಅಂಗಡೀಲಿ ಕೇಳಿ ಅಂದ್ರೂ ಹೋಗ್ತಿಲ್ಲ" ಎಂದರು.

ಅವರು ಒಂದು ಕಾಲದಲ್ಲಿ ರೈಲು ನಿಲ್ದಾಣದಲ್ಲಿ ಗಾಡಿಗಳು ಬಂದುಹೋಗುವ ಹೊತ್ತನ್ನು ಕೂಗಿ ಹೇಳುತ್ತಿದ್ದವರು. ಗಂಟಲಿನ ಗಡ್ಡೆಗೆ ಶಸ್ತ್ರಚಿಕಿತ್ಸೆಯಾಗಿ ದನಿ ಹೋಗಿದೆ. ಹಾಗೆ ದನಿ ಕಳೆದುಕೊಂಡವರು ಸೇರಿ ಮಾಡಿಕೊಂಡ ಗುಂಪನ್ನು ನೋಡಿಕೊಳ್ಳುತ್ತಾರೆ. ಅದು ನಡೆಯುವುದು ಪಡಸಾಲೆಯ ಮೇಲೆ, ಒಂದು ಹಳೆಯ ಕಂಪ್ಯೂಟರಿನಲ್ಲಿ. ಗುಂಪಿನವರೆಲ್ಲ ಅವರನ್ನು 'ಅನೌನ್ಸರ್' ಎಂದೇ ಕರೆಯುತ್ತಾರೆ. ಸೂಜಿಯವರು ಹಿಂದೊಮ್ಮೆ ಗಾಜು ಉಜ್ಜುವವರ ಗುಂಪಿನಲ್ಲಿ ಹಾಕಿದ್ದ ಯಂತ್ರದ ಫೋಟೊದಲ್ಲಿ ಅಂಗಡಿಯ ಬೋರ್ಡು ಕಂಡಿತ್ತಂತೆ. ಅದನ್ನು ಹಿಡಿದು ರೈಲು ಹತ್ತಿ ಬಂದಿದ್ದರು.

"ಬೈಯೋಕೇ ಬಂದ್ರು ಅಂದ್ಕೊಂಡೆ" ಎನ್ನುತ್ತಾರೆ ಸೂಜಿ. "ನಾನೂ ನನ್ನ ಮಾತನ್ನ ಚೀಟೀಲಿ ಬರೆದು ತೋರಿಸ್ದೆ, ತಪ್ಪಾಯ್ತು ಅಂತ. ಅವರು ನಕ್ಕು ಬರೆದ್ರು, ನಂಗೆ ಕಿವಿ ಕೇಳ್ಸುತ್ತೆ, ಬಾಯಲ್ಲೇ ಹೇಳಿ."

ಆಮೇಲೆ ಅನೌನ್ಸರ್ ಬರೆದದ್ದನ್ನು ಸೂಜಿಯವರು ನನಗೆ ತೋರಿಸಿದರು. ಅವರಿಂದ ಕೇಳಿ ತಮ್ಮ ಫೋನಿಗೆ ಹಾಕಿಸಿಕೊಂಡಿದ್ದಾರೆ. 'ನಮ್ಮಲ್ಲಿ ಕೆಲವರು ಮನೇಲೂ ಸುಮ್ಮನಿರ್ತಾರೆ. ಬರೆದು ತೋರಿಸಿದ್ರೆ ಓದೋಕೆ ಮನೆಯವರಿಗೆ ಪುರುಸೊತ್ತಿಲ್ಲ. ಇಲ್ಲಾದ್ರೆ ಎಲ್ಲರೂ ಬರೆಯೋರೇ, ಜೋರು ದನಿ ಯಾರದೂ ಇಲ್ಲ. ಗುಂಡಿ ಕೆಟ್ಟ ಮೇಲೆ ಒಬ್ಬರಿಗೊಬ್ಬರು ಸಿಕ್ಕಿಲ್ಲ. ನಂಗೆ ಪ್ರೋಗ್ರಾಮ್ ಬರೆಯೋಕೆ ಬರಲ್ಲ. ಆದ್ರೆ ನಮ್ಮ ಕಂಪ್ಯೂಟರ್ ಹಳೇದು, ಏನೇ ಹೊಸದು ಮಾಡಿದ್ರೂ ಮೊದಲು ನನ್ನ ಮೇಲೆ ಹಾಕಿ ನೋಡಿ. ಕೆಡೋದಾದ್ರೆ ನನ್ನದೇ ಕೆಡಲಿ. ಮತ್ತೆ, ಜನ ಕೇಳಿದ್ದನ್ನೇ ಕೇಳ್ತಾರಲ್ಲ, ಅದಕ್ಕೆ ಉತ್ತರ ನಾನು ಬರೀತೀನಿ. ಒಂದೇ ಮಾತನ್ನ ಬೇಜಾರಿಲ್ಲದೆ ಮತ್ತೆ ಮತ್ತೆ ಹೇಳೋದೇ ನನ್ನ ನೌಕರಿ ಆಗಿತ್ತು.'

ಅಂಗಡಿಯ ಹಿಂಬದಿಯಲ್ಲಿ, ಗಾಜಿನ ಪುಡಿ ಹರಡಿದ ಮೇಜಿನ ಮುಂದೆ ಇಬ್ಬರೂ ಊಟದ ಬಿಡುವಿನುದ್ದಕ್ಕೂ ನಿಂತೇ ಮಾತಾಡಿದರು. ಒಬ್ಬರು ಬಾಯಲ್ಲಿ, ಒಬ್ಬರು ಬೆರಳಲ್ಲಿ. ಅಂದು ಸಂಜೆ ಸೂಜಿಯವರು ಅತ್ತೆಯವರಲ್ಲಿ ಕಪಾಟಿನ ಬೀಗದ ಕೈ ಕೇಳಿದರು. ಮರುದಿನ ಬೆಳಗ್ಗೆ ಮೊದಲ ತಿದ್ದುಪಡಿ ಹೋದದ್ದು ಅನೌನ್ಸರ್ ಮನೆಯ ಹಳೆಯ ಕಂಪ್ಯೂಟರಿಗೆ. ಎರಡು ಸಲ ಕೆಟ್ಟಿತು. ಮೂರನೆಯ ಸಲ ಆ ಕಡೆಯಿಂದ ಬರಹ ಬಂತು: 'ಗಾಡಿ ಹೊರಟಿದೆ.'

ಆದರೆ ಮರಳಿ ಬಂದವರು ಹಳೆಯ ಸೂಜಿಯಲ್ಲ. ಪಡಸಾಲೆಯ ಮುಖಪುಟದಲ್ಲೇ ಬರೆದು ಹಾಕಿದರು: ಭಾನುವಾರ ಉತ್ತರ ಕೊಡುವುದಿಲ್ಲ, ಬೈದವರಿಗೆ ಯಾವ ವಾರವೂ ಕೊಡುವುದಿಲ್ಲ, ಹೊಸ ಆವೃತ್ತಿಯನ್ನು ಇನ್ನು ಮುಂದೆ ಒಬ್ಬರೇ ಬಿಡುಗಡೆ ಮಾಡುವುದಿಲ್ಲ. ಆ ದೊಡ್ಡ ಕಂಪನಿಗೂ ಉತ್ತರ ಹೋಯಿತು, 'ನಿಮಗೆ ಇದು ಅಷ್ಟು ಬೇಕಿದ್ದರೆ ಕೆಲಸಕ್ಕೆ ಒಬ್ಬರನ್ನು ಕಳುಹಿಸಿ.' ಬಹಳ ದಿನ ಸದ್ದಿಲ್ಲ. ಕೊನೆಗೆ ಅವರ ಎಂಜಿನಿಯರ್ ಒಬ್ಬರು ವಾರಕ್ಕೊಂದು ದಿನ ಪಡಸಾಲೆಯ ಕೆಲಸ ಮಾಡತೊಡಗಿದರು. ಸಂಬಳ ಕಂಪನಿಯದೇ. "ಒಳ್ಳೆಯವರು, ಪ್ರಶ್ನೆ ಜಾಸ್ತಿ" ಎನ್ನುತ್ತಾರೆ ಸೂಜಿ. ಪಡಸಾಲೆಯ ಕೀಲಿ ಈಗ ಆ ಎಂಜಿನಿಯರ್ ಬಳಿಯೂ ಇದೆ, ರೇಡಿಯೊ ರಿಪೇರಿ ಗುಂಪಿನ ಹೆಂಗಸೊಬ್ಬರ ಬಳಿಯೂ ಇದೆ.

ಹಾಗೆಂದು ಎಲ್ಲ ಸರಿಹೋಗಿದೆ ಎನ್ನುವಂತಿಲ್ಲ. ಆ ಕಿಂಡಿಯಿಂದ ಯಾರಾದರೂ ಏನಾದರೂ ಓದಿದರೇ ಎಂಬುದು ಇಂದಿಗೂ ಯಾರಿಗೂ ಗೊತ್ತಿಲ್ಲ. ಕಂಪನಿಯ ಮೇಲಿನವರ ಮನಸ್ಸು ಬದಲಾದರೆ ಎಂಜಿನಿಯರ್ ನಾಳೆಯೇ ಹೋಗಬಹುದು. ಎಷ್ಟೋ ಗುಂಪುಗಳು ಇನ್ನೂ ಹಳೆಯ ಆವೃತ್ತಿಯಲ್ಲೇ ಇವೆ, ಅವರಿಗೆ ಸುದ್ದಿ ಮುಟ್ಟಿಸುವ ದಾರಿಯಿಲ್ಲ. "ಮಲಗಿದ್ರೂ ಕಣ್ಣ ಮುಂದೆ ಬರೋದು ಅವರೇ. ಬಾಗಿಲು ತೆರೆದಿದೆ ಅಂತ ಗೊತ್ತಿದೆ, ಮನೆ ಎಲ್ಲಿದೆ ಅಂತ ಗೊತ್ತಿಲ್ಲ" ಎನ್ನುವಾಗ ಅವರ ಕೈ ಸೆರಗಿನ ಅಂಚನ್ನು ತಿರುಚುತ್ತಲೇ ಇರುತ್ತದೆ.

ನಾವು ಮಾತಾಡುತ್ತಾ ಅಂಗಡಿಯ ತನಕ ನಡೆದೆವು. ಅವರ ಹೆಜ್ಜೆಗೆ ಹೆಜ್ಜೆ ಹಾಕುವುದರಲ್ಲಿ ನನಗೆ ಏದುಸಿರು. ಅಂಗಡಿಯ ಬಾಗಿಲು ಅರ್ಧ ಎತ್ತಿತ್ತು. ಇಷ್ಟೆಲ್ಲ ಮಾಡುವುದಕ್ಕೆ ನಿಮಗೆ ಏನು ಸಿಕ್ಕರೆ ಸಮಾಧಾನ ಎಂದು ಕೇಳಿದೆ. ಬಹುಮಾನವೇ, ಹೆಸರೇ, ಸಂಬಳವೇ?

"ಸಂಬಳ ಕೊಟ್ರೆ ಬೇಡ ಅನ್ನಲ್ಲ" ಎಂದು ನಕ್ಕರು. ಬಗ್ಗಿ ಒಳಹೋಗುತ್ತಿದ್ದವರು ಒಂದು ಕ್ಷಣ ನಿಂತರು. ಅಂದು ಬೆಳಗಿನಿಂದ ಅವರು ಕಾಲು ಕದಲಿಸದೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಒಂದು ಹೊಸ ಆವೃತ್ತಿ ನನ್ನ ಕೈ ಸೋಕದೇನೇ ಹೋಗ್ಬೇಕು. ನಾನು ಆ ವಾರ ಎಲ್ಲೋ ಇರ್ಬೇಕು, ನಂಗೆ ಗೊತ್ತೇ ಇರ್ಬಾರ್ದು. ಬಂದು ನೋಡಿದ್ರೆ ಎಲ್ಲರ ಹಾಗೆ ನಂಗೂ ಸುದ್ದಿ ಬಂದಿರ್ಬೇಕು, ಪಡಸಾಲೆ ಹೊಸದು ಬಂದಿದೆ, ಹಾಕ್ಕೊಳ್ಳಿ ಅಂತ. ನಾನೂ ಹಾಕ್ಕೊಂಡು, ಚೆನ್ನಾಗ್ ಮಾಡಿದೀರಿ ಅಂತ ಅದನ್ನ ಮಾಡಿದವರಿಗೆ ಒಂದು ಸಾಲು ಬರೀಬೇಕು. ನಂಗೆ ಹಾಗೆ ಬರೆದವರು ಕಮ್ಮಿ ನೋಡಿ, ಅದು ಸಿಕ್ರೆ ಎಷ್ಟು ಖುಷಿ ಅಂತ ನಂಗೆ ಗೊತ್ತು."